ತೆರೆಯ ಮೇಲಿನ ಚೆಂಡಿಗೆ ತೂಕ ಎಲ್ಲಿಂದ ಬರುತ್ತದೆ?

(ಸಾಗರದಲ್ಲಿ ಪಿಯುಸಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಅನಿಮೇಷನ್ ಓದಲು ಬೆಂಗಳೂರಿಗೆ ಹೋದ ಮೊದಲ ವಾರ ನನ್ನ ಕೈಗೆ ಕಂಪ್ಯೂಟರ್ ಕೊಡಲಿಲ್ಲ. ಕೊಟ್ಟದ್ದು ಒಂದು ಕಟ್ಟು ಬಿಳಿ ಹಾಳೆ, ಎರಡು ಪೆನ್ಸಿಲ್, ಕುಳಿತು ಬರೆಯಲು ಒಳಗೆ ದೀಪ ಉರಿಯುವ ಗಾಜಿನ ಮೇಜು. ದೀಪದ ಬೆಳಕಿನಲ್ಲಿ ಕೆಳಗಿನ ಹಾಳೆಯ ಚಿತ್ರ ಮೇಲಿನ ಹಾಳೆಯಲ್ಲಿ ಮಸುಕಾಗಿ ಕಾಣುತ್ತದೆ, ಅದನ್ನು ನೋಡಿಕೊಂಡು ಮುಂದಿನ ಚಿತ್ರವನ್ನು ತುಸು ಬದಲಿಸಿ ಬರೆಯಬೇಕು. ಒಂದು ಚೆಂಡು ಮೇಲಿನಿಂದ ಬಿದ್ದು, ಪುಟಿದು, ಕೊನೆಗೆ ನಿಲ್ಲಬೇಕು ಎಂಬುದು ಮೊದಲ ಪಾಠ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್‌ಗಳು, ಅಂದರೆ ಬಿಡಿ ಸ್ಥಿರಚಿತ್ರಗಳು, ಹಾದುಹೋಗುತ್ತವೆ. ಕೈಯಿಂದ ಬರೆಯುವವರು ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸುತ್ತಾರೆ, ಆದ್ದರಿಂದ ಸೆಕೆಂಡಿಗೆ 12 ಚಿತ್ರ ಸಾಕು. ನಾನು ಮೂರು ದಿನ ಕುಳಿತು ಬರೆದೆ. ಅಧ್ಯಾಪಕರು ಹಾಳೆಗಳ ಅಂಚನ್ನು ಹೆಬ್ಬೆರಳಿನಿಂದ ಸರಸರನೆ ಬಿಡುತ್ತಾ ಎರಡು ಸಲ ನೋಡಿ, "ಇದು ಯಾವ ಚೆಂಡು?" ಎಂದು ಕೇಳಿದರು. ಟೆನ್ನಿಸ್ ಚೆಂಡೋ, ಕಬ್ಬಿಣದ ಗುಂಡೋ, ಗಾಳಿ ತುಂಬಿದ ಬಲೂನೋ ಎಂದು ಅವರು ಕೇಳುತ್ತಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ನಾನು ಬರೆದದ್ದು ಮೇಲೆ ಕೆಳಗೆ ಸರಿಯುವ ಒಂದು ವೃತ್ತ, ಅಷ್ಟೇ.

ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಯ ಸುತ್ತಲೇ ಇರುತ್ತದೆ. ನಾಲ್ಕು ವರ್ಷದ ಓದಿನಲ್ಲಿ ಹತ್ತಾರು ತಂತ್ರಾಂಶಗಳು ಬಂದು ಹೋದವು, ಕೆಲವು ಈಗಾಗಲೇ ಹಳತಾಗಿವೆ. ಆದರೆ ತೆರೆಯ ಮೇಲಿನ ವಸ್ತುವಿಗೆ ತನ್ನದೇ ಆದ ತೂಕವಿರುವುದಿಲ್ಲ, ಅದನ್ನು ನಾವೇ ಕೊಡಬೇಕು, ಕೊಡಬೇಕಾದರೆ ಆ ತೂಕವನ್ನು ಎಲ್ಲೋ ಒಂದು ಕಡೆ ನಿಜವಾಗಿ ನೋಡಿರಬೇಕು ಎಂಬ ಆ ಒಂದು ಪಾಠ ಮಾತ್ರ ಇವತ್ತಿಗೂ ನನ್ನ ಪ್ರತಿ ದಿನದ ಕೆಲಸ.

ಚೆಂಡಿನ ಲೆಕ್ಕವನ್ನೇ ನೋಡಿ. ಒಂದು ಮೀಟರ್ ಎತ್ತರದಿಂದ ಬಿಟ್ಟ ಚೆಂಡು ನೆಲ ಮುಟ್ಟಲು ಅರ್ಧ ಸೆಕೆಂಡಿಗಿಂತ ತುಸು ಕಡಿಮೆ ಸಾಕು, ಅಂದರೆ ಸುಮಾರು 11 ಫ್ರೇಮ್. ಆ 11 ಫ್ರೇಮ್‌ಗಳಲ್ಲಿ ಚೆಂಡು ಸಮಾನ ಅಂತರದಲ್ಲಿ ಇಳಿಯುವುದಿಲ್ಲ. ಮೊದಲು ಇಷ್ಟಿಷ್ಟೇ ಸರಿದು, ನೆಲ ಹತ್ತಿರವಾದಂತೆ ಒಂದೊಂದು ಫ್ರೇಮಿಗೂ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತದೆ. ನಾನು ಎಲ್ಲ ಚಿತ್ರಗಳನ್ನೂ ಸಮಾನ ಅಂತರದಲ್ಲಿ ಬರೆದಿದ್ದೆ, ಹಾಗಾಗಿ ನನ್ನ ಚೆಂಡು ಬೀಳುತ್ತಿರಲಿಲ್ಲ, ಲಿಫ್ಟಿನಲ್ಲಿ ಇಳಿಯುವಂತೆ ಇಳಿಯುತ್ತಿತ್ತು. ಇನ್ನೊಂದು ಸಂಗತಿ ನನಗೆ ಬಹಳ ತಡವಾಗಿ ತಿಳಿಯಿತು. ಕಬ್ಬಿಣದ ಗುಂಡು, ಟೆನ್ನಿಸ್ ಚೆಂಡು ಎರಡೂ ಬೀಳುವಾಗ ಹೆಚ್ಚು ಕಡಿಮೆ ಒಂದೇ ರೀತಿ ಬೀಳುತ್ತವೆ. ಎರಡರ ವ್ಯತ್ಯಾಸ ಗೊತ್ತಾಗುವುದು ನೆಲ ಮುಟ್ಟಿದ ಮೇಲೆ. ಗುಂಡು ಒಂದೆರಡು ಬೆರಳು ಎದ್ದು ಸುಮ್ಮನಾಗುತ್ತದೆ, ಟೆನ್ನಿಸ್ ಚೆಂಡು ಮತ್ತೆ ಮತ್ತೆ ಏಳುತ್ತದೆ, ಪ್ರತಿ ಸಲ ಸ್ವಲ್ಪ ಕಡಿಮೆ ಎತ್ತರಕ್ಕೆ, ಸ್ವಲ್ಪ ಕಡಿಮೆ ಸಮಯದಲ್ಲಿ. ನೋಡುವವರಿಗೆ ಭಾರ ತಿಳಿಯುವುದು ಬಿದ್ದದ್ದು ನೆಲದೊಡನೆ ಏನು ಮಾಡಿತು ಎಂಬುದರಿಂದ.

ನೋಡಿದ್ದೇವೆ ಎಂದುಕೊಂಡದ್ದನ್ನು ನಾವು ನಿಜಕ್ಕೂ ನೋಡಿರುವುದಿಲ್ಲ ಎಂಬುದಕ್ಕೆ ನಮ್ಮ ವಿಷಯದಲ್ಲಿ ಎಲ್ಲರೂ ಹೇಳುವ ಒಂದು ಉದಾಹರಣೆಯಿದೆ. ನಾಗಾಲೋಟದಲ್ಲಿ ಓಡುವ ಕುದುರೆಯನ್ನು ಯುರೋಪಿನ ಚಿತ್ರಕಾರರು ಬಹಳ ಕಾಲ ಮುಂಗಾಲುಗಳನ್ನು ಮುಂದಕ್ಕೆ, ಹಿಂಗಾಲುಗಳನ್ನು ಹಿಂದಕ್ಕೆ ಪೂರ್ತಿ ಚಾಚಿ ಗಾಳಿಯಲ್ಲಿ ತೇಲುವಂತೆ ಬರೆಯುತ್ತಿದ್ದರು. 1878ರಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು, ಓಡುವ ಕುದುರೆಯ ಒಂದೊಂದು ಕ್ಷಣವನ್ನೂ ಬೇರೆ ಬೇರೆಯಾಗಿ ಹಿಡಿದ. ನಾಲ್ಕೂ ಗೊರಸುಗಳು ನೆಲ ಬಿಟ್ಟಿರುವ ಕ್ಷಣ ಇರುವುದು ನಿಜ, ಆದರೆ ಆಗ ಕಾಲುಗಳು ಚಾಚಿರುವುದಿಲ್ಲ, ಹೊಟ್ಟೆಯ ಕೆಳಗೆ ಒಟ್ಟಾಗಿ ಮಡಚಿಕೊಂಡಿರುತ್ತವೆ. ದಿನಾ ಕುದುರೆ ಹತ್ತುತ್ತಿದ್ದ ಜನರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ನನ್ನ ಕುದುರೆ ನಮ್ಮ ಅಡಿಕೆ ತೋಟದಲ್ಲಿತ್ತು. ಮೊದಲ ಸೆಮಿಸ್ಟರ್ ಮುಗಿಸಿ ಡಿಸೆಂಬರಿನಲ್ಲಿ ಮನೆಗೆ ಬಂದಾಗ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ನಡೆಯುತ್ತಿತ್ತು. ನೀವೆಲ್ಲ ಅಡಿಕೆ ಸೀಮೆಯವರು, ಗೊನೆ ಇಳಿಸುವ ಕೊನೆಗೌಡರು ಮರ ಹತ್ತುವುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಆದರೂ ಒಂದು ನಿಮಿಷ ನಾನು ನೋಡಿದಂತೆ ಹೇಳುತ್ತೇನೆ, ಯಾಕೆಂದರೆ ಹುಟ್ಟಿದಾಗಿನಿಂದ ನೋಡಿದ್ದ ಆ ಕೆಲಸವನ್ನು ನಾನು ಆ ವರ್ಷವೇ ಮೊದಲ ಸಲ ಸರಿಯಾಗಿ ನೋಡಿದ್ದು. ಅವರು ಒಂದು ಮರದ ತುದಿಯಲ್ಲಿ ಕೆಲಸ ಮುಗಿಸಿ ಕೆಳಗೆ ಇಳಿಯದೆ ಪಕ್ಕದ ಮರಕ್ಕೆ ದಾಟುತ್ತಾರಲ್ಲ, ಆಗ ಮೊದಲು ದೇಹವನ್ನು ತಾವು ಹೋಗಬೇಕಾದ ದಿಕ್ಕಿಗೆ ಎದುರಾಗಿ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಮರ ಆ ಕಡೆ ಬಾಗುತ್ತದೆ. ಬಾಗಿದ ಮರ ವಾಪಸು ಬರುವ ವೇಗವನ್ನೇ ಹಿಡಿದು ಈ ಕಡೆ ತೂಗಿ, ಕೈ ಚಾಚಿ ಪಕ್ಕದ ಮರವನ್ನು ಹಿಡಿದು ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಒಂದು ಕ್ಷಣ ಅವರ ಭಾರ ಎರಡೂ ಮರಗಳ ಮೇಲೆ ಹಂಚಿಹೋಗಿ, ಎರಡೂ ಒಂದಕ್ಕೊಂದು ಬಾಗಿ ನಿಂತಿರುತ್ತವೆ. ಆಮೇಲೆ ಕಾಲು ದಾಟುತ್ತದೆ. ಭಾರ ಕಳಚಿಕೊಂಡ ಹಳೆಯ ಮರ ನೆಟ್ಟಗಾಗಿ, ನೆಟ್ಟಗಾದ ಜಾಗವನ್ನೂ ಮೀರಿ ಆ ಕಡೆ ಹೋಗಿ, ಮತ್ತೆ ಈ ಕಡೆ ಬಂದು, ಪ್ರತಿ ಸಲ ಕಡಿಮೆ ತೂಗುತ್ತಾ ನಿಧಾನಕ್ಕೆ ನಿಲ್ಲುತ್ತದೆ. ಅದರ ಸೋಗೆಗಳು ಮಾತ್ರ ಬುಡ ನಿಂತ ಮೇಲೂ ಇನ್ನೂ ಅಲುಗುತ್ತಲೇ ಇರುತ್ತವೆ.

ನಮ್ಮ ಪಠ್ಯದಲ್ಲಿ ಅನಿಮೇಷನ್ನಿನ 12 ಸೂತ್ರಗಳಿವೆ. ಡಿಸ್ನಿ ಸ್ಟುಡಿಯೊದಲ್ಲಿ ದಶಕಗಳ ಕಾಲ ದುಡಿದ ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್‌ಸ್ಟನ್ 1981ರಲ್ಲಿ ಅವನ್ನು ಪುಸ್ತಕವಾಗಿ ಕೊಟ್ಟರು, ಇಂದಿಗೂ ಜಗತ್ತಿನ ಬಹಳಷ್ಟು ಅನಿಮೇಷನ್ ಕಾಲೇಜುಗಳಲ್ಲಿ ಅವೇ ಬುನಾದಿ. ಕನ್ನಡ ಮಾಧ್ಯಮದಲ್ಲಿ ಓದಿ ಹೋದ ನನಗೆ ಆಂಟಿಸಿಪೇಷನ್, ಫಾಲೋ ಥ್ರೂ, ಓವರ್‌ಲ್ಯಾಪಿಂಗ್ ಆಕ್ಷನ್ ಎಂಬ ಪದಗಳು ಪರೀಕ್ಷೆಗೆ ಬಾಯಿಪಾಠ ಮಾಡಿದ ಪದಗಳಾಗಿದ್ದವು. ಆ ದಿನ ತೋಟದಲ್ಲಿ ಅವು ಮೂರೂ ಒಂದೇ ಮರದ ಮೇಲೆ, ಒಂದರ ಹಿಂದೆ ಒಂದು ನಡೆದುಹೋದವು. ಹಿಂದಕ್ಕೆ ಎಳೆದುಕೊಂಡದ್ದು ಆಂಟಿಸಿಪೇಷನ್. ಮರ ಆ ಕಡೆ ಮೀರಿ ಹೋಗಿ ಬಂದದ್ದು ಫಾಲೋ ಥ್ರೂ. ಬುಡ ನಿಂತ ಮೇಲೂ ಸೋಗೆ ಅಲುಗಿದ್ದು ಓವರ್‌ಲ್ಯಾಪಿಂಗ್ ಆಕ್ಷನ್. ಗುದ್ದುವ ಟಗರು ಮೊದಲು ಹಿಂದೆ ಸರಿಯುತ್ತದೆ ಎಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಕನ್ನಡದಲ್ಲಿ ಓದಿ ಈ ವಿಷಯಕ್ಕೆ ಹೋಗಲು ಅಂಜುವ ವಿದ್ಯಾರ್ಥಿಗಳು ಇಲ್ಲಿ ಇದ್ದರೆ ಅವರಿಗೆ ನಾನು ಒತ್ತಿ ಹೇಳುತ್ತೇನೆ: ಪದಗಳು ಆರು ತಿಂಗಳಲ್ಲಿ ಬರುತ್ತವೆ, ಪದಗಳು ಹೇಳುವ ಸಂಗತಿ ನಿಮ್ಮ ಬಳಿ ಈಗಾಗಲೇ ಇದೆ.

ನಾನು ಫೋನಿನಲ್ಲಿ ಆ ದಾಟುವಿಕೆಯನ್ನು ಹಲವು ಸಲ ಚಿತ್ರಿಸಿಕೊಂಡು, ರಾತ್ರಿ ಒಂದೊಂದೇ ಫ್ರೇಮ್ ಮುಂದೆ ಸರಿಸುತ್ತಾ ನೋಟ್‌ಪುಸ್ತಕದಲ್ಲಿ ಕಡ್ಡಿ ಮನುಷ್ಯರನ್ನು ಬರೆದೆ. ಈಗ ಉದ್ದನೆಯ ದೋಟಿಯಿಂದ ನೆಲದ ಮೇಲೆ ನಿಂತೇ ಕೊನೆ ಇಳಿಸುವುದು ಹೆಚ್ಚುತ್ತಿದೆ. ಮರದಿಂದ ಬಿದ್ದು ಪ್ರಾಣ ಕಳೆದುಕೊಂಡವರ, ಸೊಂಟ ಮುರಿದುಕೊಂಡವರ ಮನೆಗಳನ್ನು ನೋಡಿದ ನಮಗೆ ಅದು ಒಳ್ಳೆಯ ಸುದ್ದಿಯೇ. ಆದರೆ ಮರದಿಂದ ಮರಕ್ಕೆ ದಾಟುವ ಆ ಚಲನೆ ಇನ್ನು ಕೆಲವು ವರ್ಷಗಳಲ್ಲಿ ನೋಡಲು ಸಿಗದೆ ಹೋಗಬಹುದು ಎಂಬ ಯೋಚನೆ ಆ ರಾತ್ರಿಯೇ ಬಂತು. ನನ್ನ ಕೊನೆಯ ವರ್ಷದ ಚಿತ್ರದ ವಿಷಯ ಆಗಲೇ ನಿರ್ಧಾರವಾಯಿತು ಎನ್ನಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೆಯ ವರ್ಷ ಪಾತ್ರಗಳಿಗೆ ಮಾತು ಕೊಡುವ ಪಾಠ. ಧ್ವನಿಯನ್ನು ಮೊದಲೇ ಮುದ್ರಿಸಿಕೊಂಡು, ಯಾವ ಫ್ರೇಮಿನಲ್ಲಿ ಯಾವ ಅಕ್ಷರ ಬರುತ್ತದೆ ಎಂದು ಹಾಳೆಯಲ್ಲಿ ಗುರುತು ಮಾಡಿ, ಅದಕ್ಕೆ ತಕ್ಕ ಬಾಯಿಯ ಆಕಾರ ಬರೆಯುತ್ತಾ ಹೋಗಬೇಕು. ನಮಗೆ ಕೊಟ್ಟ ಬಾಯಿಗಳ ಕೋಷ್ಟಕ ಇಂಗ್ಲಿಷಿನ ಧ್ವನಿಗಳಿಗೆ ಮಾಡಿದ್ದು. ನಾನು ನನ್ನ ಅಜ್ಜಿಯ ಧ್ವನಿಯನ್ನು ಮುದ್ರಿಸಿಕೊಂಡಿದ್ದೆ. ವಾಕ್ಯ ಇಷ್ಟೇ: "ಊಟ ಆತನೇ ಕೂಸೇ?" ಇಂಗ್ಲಿಷ್ ಕೋಷ್ಟಕ ಇಟ್ಟುಕೊಂಡು, ಅಭ್ಯಾಸಬಲದಿಂದ ಪದ ಮುಗಿದಲ್ಲೆಲ್ಲ ಬಾಯಿ ಮುಚ್ಚಿಸಿ ಬರೆದೆ. ತೆರೆಯ ಮೇಲೆ ಅಜ್ಜಿ ಬೇರೆ ಯಾವುದೋ ಭಾಷೆಯ ಸಿನಿಮಾಕ್ಕೆ ಡಬ್ ಆದವರಂತೆ ಕಂಡಳು. ಯಾಕೆ ಹೀಗಾಯಿತು ಎಂದು ಕನ್ನಡಿಯ ಮುಂದೆ ನಿಂತು ನಾನೇ ಆ ವಾಕ್ಯವನ್ನು ನಿಧಾನಕ್ಕೆ ಹೇಳಿ ನೋಡಿದೆ. ನೀವೂ ಈಗ ಹೇಳಿ ನೋಡಿ. ಮೊದಲಿನಿಂದ ಕೊನೆಯವರೆಗೆ ತುಟಿಗಳು ಒಂದು ಸಲವೂ ಒಂದಕ್ಕೊಂದು ತಾಗುವುದಿಲ್ಲ. ಊ ಎನ್ನುವಾಗ ದುಂಡಗಾಗುತ್ತವೆ, ಆ ಎನ್ನುವಾಗ ತೆರೆಯುತ್ತವೆ, ನೇ ಎನ್ನುವಾಗ ಅಗಲವಾಗುತ್ತವೆ, ಕೂ ಎನ್ನುವಾಗ ಮತ್ತೆ ದುಂಡಗಾಗಿ, ಸೇ ಎನ್ನುವಾಗ ಮತ್ತೆ ಅಗಲವಾಗಿ ಹಾಗೆಯೇ ತೆರೆದು ನಿಲ್ಲುತ್ತವೆ.

ಆಗ ನೆನಪಾದದ್ದು ಒಂದನೆಯ ತರಗತಿಯ ಗೋಡೆಯ ಮೇಲಿದ್ದ ವರ್ಣಮಾಲೆ. ಅದು ಅಕ್ಷರಗಳ ಪಟ್ಟಿ ಎಂದು ತಿಳಿದಿದ್ದೆ, ನಿಜಕ್ಕೂ ಅದು ಬಾಯಿಯ ನಕ್ಷೆ. ಕ ವರ್ಗ ಗಂಟಲಿನ ಕಡೆ, ಚ ವರ್ಗ ಅಂಗುಳಿನಲ್ಲಿ, ಟ ವರ್ಗ ನಾಲಿಗೆ ಹಿಂದಕ್ಕೆ ಮಡಚಿ, ತ ವರ್ಗ ಹಲ್ಲಿನ ಬಳಿ, ಪ ವರ್ಗ ತುಟಿಯಲ್ಲಿ. ಒಳಗಿನಿಂದ ಹೊರಕ್ಕೆ ಕ್ರಮವಾಗಿ ನಡೆದುಕೊಂಡು ಬಂದಂತೆ ಜೋಡಿಸಿದ್ದಾರೆ. ಅನಿಮೇಟರ್‌ಗೆ ಇದರಿಂದ ಆಗುವ ಉಪಕಾರ ದೊಡ್ಡದು. ಮೊದಲ ನಾಲ್ಕು ವರ್ಗಗಳ ಕೆಲಸ ಬಹುಪಾಲು ಬಾಯೊಳಗೇ ನಡೆಯುತ್ತದೆ, ಎದುರಿನಿಂದ ನೋಡುವವರಿಗೆ ಕಾಣುವುದು ಜೊತೆಗಿರುವ ಸ್ವರದ ಆಕಾರ. ಣ, ಳ, ಟ ಬಂದಾಗ ತುಟಿಗೆ ಹೊಸ ಆಕಾರ ಹುಡುಕುವುದೇ ಬೇಡ. ಪ ಫ ಬ ಭ ಮ ಬಂದಾಗ ಮಾತ್ರ ತುಟಿ ಮುಚ್ಚಲೇಬೇಕು, ಅಲ್ಲಿ ಒಂದು ಫ್ರೇಮ್ ತಪ್ಪಿದರೂ ನೋಡುವವರ ಕಣ್ಣು ಹಿಡಿಯುತ್ತದೆ. ಕಾಫಿ, ಫೋನು ಎಂಬಂಥ ಪದಗಳಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಾಗುವುದರಿಂದ ಅದಕ್ಕೆ ಪ್ರತ್ಯೇಕ ಆಕಾರ ಬೇಕು. ಇನ್ನೊಂದು ಸೂಕ್ಷ್ಮವಿದೆ. ನಮ್ಮ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಆದರೆ ಹಾಲು, ಕಾಲು, ಬಾಗಿಲು ಎನ್ನುವಾಗ ಕೊನೆಯ ಉಕಾರ ಆಡುಮಾತಿನಲ್ಲಿ ಅರ್ಧಕ್ಕರ್ಧ ಕರಗಿಹೋಗಿರುತ್ತದೆ. ಬರಹದಲ್ಲಿ ಇದೆ ಎಂದು ಪ್ರತಿ ಉಕಾರಕ್ಕೂ ತುಟಿ ದುಂಡಗೆ ಮಾಡಿದರೆ ಪಾತ್ರ ಮಾತಾಡಿದಂತೆ ಕಾಣುವುದಿಲ್ಲ, ಓದುತ್ತಿರುವಂತೆ ಕಾಣುತ್ತದೆ. ನಾನು ಕೊನೆಗೆ ಕನ್ನಡಕ್ಕೆಂದೇ ಒಂಬತ್ತು ಬಾಯಿಗಳ ಕೋಷ್ಟಕ ಮಾಡಿಕೊಂಡೆ, ಇಂದಿಗೂ ಅದನ್ನೇ ಬಳಸುತ್ತೇನೆ.

ಬಾಯಿ ಸರಿಹೋದ ಮೇಲೂ ಅಜ್ಜಿ ಅಜ್ಜಿಯಾಗಲಿಲ್ಲ. ಅಧ್ಯಾಪಕರು ಕೇಳಿದ್ದು, "ಇವರು ಇದನ್ನು ಕೇಳುವಾಗ ಎಲ್ಲಿ ನೋಡುತ್ತಿರುತ್ತಾರೆ?" ನನ್ನ ಪಾತ್ರ ನೇರವಾಗಿ ಎದುರು ನೋಡುತ್ತಿತ್ತು. ನನ್ನ ಅಜ್ಜಿ ಹಾಗೆ ಕೇಳುವುದೇ ಇಲ್ಲ. ಕವಳದ ತಟ್ಟೆಯಲ್ಲಿ ವೀಳ್ಯದೆಲೆಯ ನಾರು ತೆಗೆಯುತ್ತಾ, ತಲೆ ಎತ್ತದೆ ಕೇಳುತ್ತಾಳೆ. ಉತ್ತರ ಬರುವುದು ತಡವಾದರೆ ಆಗ ಕಣ್ಣು ಮಾತ್ರ ಕನ್ನಡಕದ ಮೇಲಿನಿಂದ ಏಳುತ್ತದೆ. ಆ ಕಣ್ಣು ಏಳುವುದಕ್ಕೆ ಆರು ಫ್ರೇಮ್ ಕೊಟ್ಟೆ. ಒಂಬತ್ತು ಬಾಯಿಗಳು ಮಾಡದ ಕೆಲಸವನ್ನು ಆ ಆರು ಫ್ರೇಮ್ ಮಾಡಿದವು.

ಮೂರನೆಯ ವರ್ಷದಲ್ಲಿ ತ್ರೀಡಿ ಬಂತು. ಇದರ ಬಗ್ಗೆ ನಿಮ್ಮಲ್ಲಿ ಕುತೂಹಲ ಹೆಚ್ಚಿರುತ್ತದೆ, ಆದರೂ ಬೇಗ ದಾಟುತ್ತೇನೆ. ಆಕಾರವನ್ನು ಚಿಕ್ಕ ಚಿಕ್ಕ ಚೌಕಗಳಿಂದ ಕಟ್ಟುವುದು ಮಾಡೆಲಿಂಗ್, ಅದರೊಳಗೆ ಮೂಳೆ ಕೂರಿಸಿ ಯಾವ ಮೂಳೆ ಎಷ್ಟು ಚರ್ಮವನ್ನು ಎಳೆಯಬೇಕು ಎಂದು ಹೇಳುವುದು ರಿಗ್ಗಿಂಗ್. ಮಾಯಾ ತಂತ್ರಾಂಶ ಕಾಲೇಜಿನ ಲ್ಯಾಬಿನಲ್ಲಿತ್ತು, ಹಾಸ್ಟೆಲಿನಲ್ಲಿ ಬ್ಲೆಂಡರ್ ಬಳಸುತ್ತಿದ್ದೆವು. ಬ್ಲೆಂಡರ್ 2002ರಿಂದ ಮುಕ್ತ ತಂತ್ರಾಂಶ, ಹಣ ಕೊಡಬೇಕಾಗಿಲ್ಲ, ಇಂದು ರಾತ್ರಿಯೇ ನಿಮ್ಮ ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಅಲ್ಲಿ ನನಗೆ ಎದುರಾದ ದೊಡ್ಡ ತೊಡಕು ಸೀರೆ. ಸಿದ್ಧವಾಗಿ ಸಿಗುವ ಉಡುಪುಗಳೆಲ್ಲ ಹೊಲಿದವು. ಸೀರೆ ಐದೂವರೆ ಮೀಟರಿನ ಒಂದೇ ಬಟ್ಟೆ, ಅದನ್ನು ದೇಹಕ್ಕೆ ಕಟ್ಟಿಹಾಕಿರುವುದು ಸೊಂಟದ ಬಿಗಿತ ಮತ್ತು ನೆರಿಗೆಯ ಮಡಿಕೆ ಮಾತ್ರ. ಕಂಪ್ಯೂಟರಿಗೆ ಬಟ್ಟೆಯ ಲೆಕ್ಕ ಒಪ್ಪಿಸಿದರೆ ನಾಲ್ಕು ಹೆಜ್ಜೆಗೆ ನೆರಿಗೆಗಳೆಲ್ಲ ಒಂದರೊಳಗೊಂದು ತೂರಿಕೊಳ್ಳುತ್ತಿದ್ದವು. ಅಮ್ಮನಿಗೆ ಫೋನ್ ಮಾಡಿ, ನೆರಿಗೆ ಹಿಡಿಯುವುದನ್ನು ವಿಡಿಯೊದಲ್ಲಿ ತೋರಿಸು ಎಂದೆ. ಅವಳು ಬೆರಳುಗಳ ನಡುವೆ ಮಡಿಕೆ ಹಾಕುತ್ತಾ ಹೋಗಿ, ಸಿಕ್ಕಿಸುವ ಮೊದಲು ಒಮ್ಮೆ ಎಲ್ಲ ನೆರಿಗೆಯನ್ನೂ ಒಟ್ಟಿಗೆ ಹಿಡಿದು ಕೊಡವಿದಳು. ನಾನೂ ಹಾಗೆಯೇ ಸೊಂಟದ ಬಳಿ ನೆರಿಗೆಗಳನ್ನು ಒಂದಾಗಿ ಬಂಧಿಸಿ, ಮೊಣಕಾಲಿನ ಕೆಳಗೆ ಮಾತ್ರ ಬಟ್ಟೆಯನ್ನು ಸಡಿಲ ಬಿಟ್ಟೆ. ಸೀರೆ ನಡೆಯತೊಡಗಿತು.

ರೆಂಡರಿಂಗ್ ಎಂಬುದೊಂದಿದೆ, ಅದರ ಲೆಕ್ಕವನ್ನು ಪೋಷಕರು ತಿಳಿದಿರಬೇಕು, ಏಕೆಂದರೆ ಮಕ್ಕಳು ರಾತ್ರಿಯೆಲ್ಲ ಕಂಪ್ಯೂಟರ್ ಆರಿಸದೆ ಇಟ್ಟರೆ ನೀವು ಬೈಯುತ್ತೀರಿ. 40 ಸೆಕೆಂಡಿನ ಚಿತ್ರವೆಂದರೆ 960 ಫ್ರೇಮ್. ಬೆಳಕು ನೆರಳಿನ ಲೆಕ್ಕ ಹಾಕಿ ಒಂದು ಫ್ರೇಮನ್ನು ಪೂರ್ತಿ ಚಿತ್ರವಾಗಿಸಲು ನಮ್ಮ ಲ್ಯಾಬಿನ ಯಂತ್ರಕ್ಕೆ ಆರು ನಿಮಿಷ ಬೇಕಿತ್ತು. ಒಟ್ಟು 96 ಗಂಟೆ, ಅಂದರೆ ನಾಲ್ಕು ಹಗಲು ನಾಲ್ಕು ರಾತ್ರಿ. ಎಂಟು ಯಂತ್ರಗಳಿಗೆ ಹಂಚಿದರೆ 12 ಗಂಟೆ. ನಾನು ಸಂಜೆ ಎಂಟಕ್ಕೆ ಹಚ್ಚಿ ಬೆಳಿಗ್ಗೆ ಎಂಟಕ್ಕೆ ಬಂದು ನೋಡಿದರೆ, ಅಡುಗೆಮನೆಯ ಒಂದು ದೀಪ ಚಿತ್ರದುದ್ದಕ್ಕೂ ಮಿನುಗುತ್ತಿತ್ತು. ಪರೀಕ್ಷೆಗೆಂದು ಹಾಕಿದ್ದ ದೀಪವನ್ನು ತೆಗೆಯಲು ಮರೆತಿದ್ದೆ. 960 ಫ್ರೇಮೂ ಹೋದವು, ಸಲ್ಲಿಕೆಯ ದಿನವೂ ತಪ್ಪಿತು. ಅಂದಿನಿಂದ ಪ್ರತಿ 24ನೆಯ ಫ್ರೇಮನ್ನು ಮಾತ್ರ ಮೊದಲು ರೆಂಡರ್ ಮಾಡುತ್ತೇನೆ. 40 ಫ್ರೇಮ್, ಎಂಟು ಯಂತ್ರದಲ್ಲಿ ಅರ್ಧ ಗಂಟೆ.

ಉದ್ಯೋಗದ ಬಗ್ಗೆ ಕೇಳಲೆಂದೇ ಹಲವರು ಬಂದಿದ್ದೀರಿ, ಮುಚ್ಚಿಡದೆ ಹೇಳುತ್ತೇನೆ. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದು ಕರ್ನಾಟಕ ಸರ್ಕಾರ 2012ರಲ್ಲೇ ಪ್ರತ್ಯೇಕ ನೀತಿ ತಂದಿತು, 2024ರಲ್ಲಿ ಅದನ್ನು ಹೊಸದಾಗಿ ರೂಪಿಸಿತು. ಬೆಂಗಳೂರಿನಲ್ಲಿ ಹೊರದೇಶಗಳ ಸಿನಿಮಾಗಳ ಕೆಲಸ ಬಹಳ ನಡೆಯುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲು ಸಿಗುವುದು ರೋಟೊ ಮತ್ತು ಪೇಂಟ್: ಚಿತ್ರದಲ್ಲಿರುವ ನಟನ ಅಂಚನ್ನು ಫ್ರೇಮಿನಿಂದ ಫ್ರೇಮಿಗೆ ಕತ್ತರಿಸುವುದು, ಅವನನ್ನು ಎತ್ತಿ ಹಿಡಿದ ತಂತಿಯನ್ನು ಅಳಿಸುವುದು. ಅದು ಕಣ್ಣನ್ನು ಪಳಗಿಸುವ ಕೆಲಸ, ಕೀಳಲ್ಲ. ಆದರೆ ಯಂತ್ರಬುದ್ಧಿ (ಎಐ) ಮೊದಲು ಕೈಹಾಕಿರುವುದೂ ಅದೇ ಕೆಲಸಕ್ಕೆ. 2025ರ ಫೆಬ್ರವರಿಯಲ್ಲಿ ಒಂದು ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆ ಹಣಕಾಸಿನ ಬಿಕ್ಕಟ್ಟಿನಿಂದ ಬಾಗಿಲು ಹಾಕಿದಾಗ ಬೆಂಗಳೂರಿನಲ್ಲಿ ಸಾವಿರಾರು ಜನ ಏಕಾಏಕಿ ಕೆಲಸ ಕಳೆದುಕೊಂಡರು. ಆದ್ದರಿಂದ ಒಂದು ಗುಂಡಿ ಒತ್ತುವುದನ್ನು ಮಾತ್ರ ಕಲಿಸಿ, ಖಂಡಿತ ಕೆಲಸ ಕೊಡಿಸುತ್ತೇವೆ ಎಂದು ಜಾಹೀರಾತು ಹಾಕುವ ಕಡೆ ನಿಮ್ಮ ಮಕ್ಕಳ ಹಣ ಕಟ್ಟಬೇಡಿ. ಹಾಗೊಂದು ಸಂಸ್ಥೆಯಲ್ಲಿ ಆರು ತಿಂಗಳು ಕಳೆದುಕೊಂಡ ಗೆಳತಿ ನನ್ನ ತರಗತಿಯಲ್ಲೇ ಇದ್ದಳು. ಅಲ್ಲಿ ಹೋಗಿ ಕೇಳಿ: ಚಿತ್ರ ಬಿಡಿಸಲು ವಾರಕ್ಕೆ ಎಷ್ಟು ಗಂಟೆ ಕೊಡುತ್ತೀರಿ? ಹಿಂದಿನ ವಿದ್ಯಾರ್ಥಿಗಳು ತಾವೇ ಮಾಡಿದ ಚಿತ್ರ ತೋರಿಸುತ್ತೀರಾ?

ಇನ್ನು ನನ್ನ ಕೊನೆಯ ವರ್ಷದ ಚಿತ್ರ. ಮೂರು ನಿಮಿಷದ್ದು, ಕೊನೆಗೌಡರ ಒಂದು ಬೆಳಗು. ತ್ರೀಡಿಯಲ್ಲಿ ಮಾಡುವ ಯೋಚನೆಯಿತ್ತು. ಆ ಹೊತ್ತಿಗೆ ತೊಗಲುಗೊಂಬೆಯಾಟ ನೋಡುವ ಅವಕಾಶ ಸಿಕ್ಕಿತು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆಯ ಹೆಸರನ್ನು ನೀವೂ ಕೇಳಿರುತ್ತೀರಿ. ಪರದೆಯ ಹಿಂದೆ ದೀಪ, ದೀಪದ ಮುಂದೆ ಬಣ್ಣ ಹಚ್ಚಿದ ತೆಳುವಾದ ತೊಗಲು, ಭುಜಕ್ಕೆ, ಮೊಣಕೈಗೆ ಹೊಲಿದ ಕೀಲು. ನಮ್ಮ ಮೊದಲ ವಾರದ ದೀಪದ ಮೇಜು, ಎರಡನೆಯ ವರ್ಷದ ಕತ್ತರಿಸಿದ ಗೊಂಬೆಗಳ ಅನಿಮೇಷನ್ ಎರಡೂ ಅಲ್ಲಿದ್ದವು. ಜರ್ಮನಿಯ ಲೊಟ್ಟೆ ರೈನಿಗರ್ ಕಪ್ಪು ಕಾಗದವನ್ನು ಕತ್ತರಿಸಿ, ಕೀಲು ಜೋಡಿಸಿ, 1926ರಲ್ಲೇ ಪೂರ್ಣಾವಧಿಯ ನೆರಳುಚಿತ್ರ ಮಾಡಿದ್ದನ್ನು ನಾವು ಇತಿಹಾಸದ ಪಾಠದಲ್ಲಿ ಓದಿದ್ದೆವು. ಗೊಂಬೆಗೆ ಕೀಲು ಇರುವುದು ಕೆಲವೇ ಕಡೆ. ಆದರೂ ಆಡಿಸುವವರ ಕೈ ಇಡೀ ಗೊಂಬೆಯನ್ನು ತುಸು ಕೆಳಗೆ ಜಗ್ಗಿ ಮೇಲಕ್ಕೆ ಬಿಟ್ಟರೆ ಸಾಕು, ಗದೆ ಹೊತ್ತ ಭೀಮ ಭಾರವಾಗುತ್ತಿದ್ದ. ನಾನು ತ್ರೀಡಿ ಬಿಟ್ಟು, ತೊಗಲಿನ ಬಣ್ಣಗಳಲ್ಲಿ, ಕೀಲುಗೊಂಬೆಯಾಗಿಯೇ ಆ ಚಿತ್ರ ಮಾಡಿದೆ.

ಶೀರ್ಷಿಕೆ ಹಾಕುವಾಗ ಒತ್ತಕ್ಷರಗಳೆಲ್ಲ ಕಳಚಿಕೊಂಡು ಸಾಲಾಗಿ ನಿಂತು ಎರಡು ದಿನ ಕಾಡಿದವು. ಕೊನೆಗೆ ಬೇರೆ ತಂತ್ರಾಂಶದಲ್ಲಿ ಅಕ್ಷರ ಬರೆದು, ಅದನ್ನು ಗೆರೆಚಿತ್ರವಾಗಿ ಬದಲಿಸಿ ತಂದು ಕೂರಿಸಿದೆ.

ಚಿತ್ರ ಮುಗಿದ ಮೇಲೆ ಊರಿಗೆ ಬಂದು, ನಮ್ಮ ತೋಟದ ಕೊನೆಗೌಡರಿಗೆ ಅಂಗಳದಲ್ಲಿ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅವರು ಮಾತಿಲ್ಲದೆ ಪೂರ್ತಿ ನೋಡಿದರು. ಮರ ದಾಟುವ ಜಾಗವನ್ನು ಇನ್ನೊಂದು ಸಲ ಹಾಕಲು ಹೇಳಿದರು. ಆಮೇಲೆ, "ತಂಗೀ, ನಾನು ಹಿಂದಿನ ಮರಾನ ಹಂಗೆ ಒಂದೇ ಸಲಕ್ಕೆ ಕೈ ಬಿಡದಿಲ್ಲ. ಎಡಗೈ ತುದಿಬೆರಳಲ್ಲಿ ಸ್ವಲ್ಪ ದೂರ ಕಳಿಸಿ ಬಿಡ್ತೀನಿ. ಇಲ್ಲಾಂದ್ರೆ ಅದು ಬಡಿದು ತುದಿ ಮುರಿದೀತು" ಎಂದರು. ನಾನು ಮೂರು ವರ್ಷ ನೋಡಿದ್ದ ವಿಡಿಯೊವನ್ನು ತೆರೆದು, ಮತ್ತೆ ಒಂದೊಂದೇ ಫ್ರೇಮ್ ಸರಿಸಿದೆ. ಸೋಗೆಯ ನೆರಳಿನಲ್ಲಿ ಅರ್ಧ ಮರೆಯಾಗಿ ಎಡಗೈ ಕಂಡಿತು. ಬೆರಳುಗಳು ಮರದ ಜೊತೆಯಲ್ಲೇ ಅಷ್ಟು ದೂರ ಹೋಗಿ, ತೋಳು ಪೂರ್ತಿ ಚಾಚಿದ ಮೇಲೆ ಕಳಚಿಕೊಳ್ಳುತ್ತಿದ್ದವು. ನಾನು ಆ ಜಾಗಕ್ಕೆ ಎಂಟು ಫ್ರೇಮ್ ಸೇರಿಸಿ, ಮರದ ಮೊದಲ ತೂಗನ್ನು ಕಡಿಮೆ ಮಾಡಿ, ಮಾರನೆಯ ದಿನ ಬೆಳಿಗ್ಗೆ ಅವರಿಗೆ ಮತ್ತೆ ತೋರಿಸಿದೆ.